ಎರಡು ನಿಮಿಷದ ವಿಮಾನ: ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇ 4 ಕಿ.ಮೀ. ಉದ್ದ ಇದೆ. ಸ್ಕಾಟ್ಲೆಂಡ್‌ನ ಉತ್ತರಕ್ಕೆ, ಆರ್ಕ್ನಿ ದ್ವೀಪಗಳಲ್ಲಿ, ಒಂದು ವಿಮಾನ ಹಾರುವ ಇಡೀ ದಾರಿ 2.7 ಕಿ.ಮೀ. ಆ ದಾರಿಯನ್ನು ತಂದು ನಮ್ಮ ರನ್‌ವೇ ಮೇಲೆ ಹಾಸಿದರೆ ಇನ್ನೂ ಒಂದು ಕಿಲೋಮೀಟರ್‌ಗಿಂತ ಜಾಸ್ತಿ ಜಾಗ ಉಳಿಯುತ್ತದೆ. ವೆಸ್ಟ್ರೇ ಅನ್ನೋ ದ್ವೀಪದಿಂದ ಪಕ್ಕದ ಪಾಪಾ ವೆಸ್ಟ್ರೇಗೆ ಹೋಗುವ ಈ ವಿಮಾನ ಜಗತ್ತಿನಲ್ಲೇ ಅತಿ ಚಿಕ್ಕ ನಿಗದಿತ ವಿಮಾನ ಸೇವೆ. ವೇಳಾಪಟ್ಟಿಯಲ್ಲಿ ಹಾಕಿರೋದು ಎರಡು ನಿಮಿಷ. ಒಮ್ಮೆ 53 ಸೆಕೆಂಡಿನಲ್ಲೂ ಮುಟ್ಟಿದ್ದಾರೆ, ಅದೇ ದಾಖಲೆ.

ನಾನು ಅಬರ್ಡೀನ್‌ನಲ್ಲಿ ಕೆಲಸಕ್ಕಿರೋದರಿಂದ ಆರ್ಕ್ನಿ ನನಗೆ ದೂರ ಅಲ್ಲ. ಈ ವಿಮಾನದ ವಿಷಯ ತುಂಬಾ ದಿನದಿಂದ ಗೊತ್ತಿತ್ತು. ಹೋಗೋಕೆ ಮನಸ್ಸಾಗಿದ್ದು ಮಾತ್ರ ಜೂನ್‌ನಲ್ಲಿ ಅಪ್ಪ ಹಾಸನದಿಂದ ಬಂದಾಗ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು, ಸರ್ವೀಸಿನ ಬಹುಪಾಲು ಸಕಲೇಶಪುರ ಕಡೆಯ ಹಳ್ಳಿ ರೂಟುಗಳಲ್ಲೇ ಕಳೆದವರು. ದೂರ ಎಷ್ಟು, ಹೊತ್ತು ಎಷ್ಟು, ನಡುವೆ ಎಲ್ಲೆಲ್ಲಿ ನಿಲ್ಲುತ್ತೆ ಅನ್ನೋದು ಅವರಿಗೆ ಇವತ್ತಿಗೂ ಬಹಳ ಇಷ್ಟದ ವಿಷಯ. ಇಂಥದ್ದೊಂದು ವಿಮಾನ ಇದೆ ಅಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎರಡು ನಿಮಿಷಕ್ಕೆ ಯಾಕಪ್ಪ ವಿಮಾನ? ದೋಣಿ ಇಲ್ವಾ?"

ದೋಣಿ ಇದೆ. ಹಾಗಾದರೆ ವಿಮಾನ ಯಾಕೆ ಅನ್ನೋದಕ್ಕೆ ಉತ್ತರ ನನಗೂ ಅಲ್ಲಿಗೆ ಹೋದ ಮೇಲೇ ಸರಿಯಾಗಿ ಅರ್ಥವಾಗಿದ್ದು.

ಮೊದಲ ದಿನ: ಅಬರ್ಡೀನ್‌ನಿಂದ ಕರ್ಕ್‌ವಾಲ್

ಅಬರ್ಡೀನ್‌ನಿಂದ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ಗೆ ನೇರ ಗೆರೆ ಎಳೆದರೆ ಸುಮಾರು 200 ಕಿ.ಮೀ. ವಿಮಾನದಲ್ಲಿ ಒಂದು ಗಂಟೆಯೂ ಬೇಕಾಗಲ್ಲ. ಟೀ ಕೊಟ್ಟು ಕಪ್ಪು ವಾಪಸ್ ತಗೊಳ್ಳೋ ಹೊತ್ತಿಗೆ ಕೆಳಗೆ ಹಸಿರು ದ್ವೀಪಗಳು ಕಾಣೋಕೆ ಶುರು. ಮರಗಳೇ ಇಲ್ಲ ಅನ್ನೋ ಹಾಗಿರುತ್ತದೆ, ಎಲ್ಲಾ ಹುಲ್ಲು, ಹುಲ್ಲಿನ ಮೇಲೆ ದನ, ಸುತ್ತ ನೀರು. ಆರ್ಕ್ನಿಯಲ್ಲಿ ಸುಮಾರು 70 ದ್ವೀಪಗಳಿವೆ, ಅದರಲ್ಲಿ 20ರಷ್ಟರಲ್ಲಿ ಮಾತ್ರ ಜನ ಇದ್ದಾರೆ. ಎಲ್ಲಾ ಸೇರಿ ಜನಸಂಖ್ಯೆ 22,000 ಚಿಲ್ಲರೆ. ನಮ್ಮ ಒಂದು ದೊಡ್ಡ ಹೋಬಳಿಯಷ್ಟು ಜನ, ಇಷ್ಟೊಂದು ಸಮುದ್ರದ ಮಧ್ಯೆ ಚದುರಿಕೊಂಡಿದ್ದಾರೆ.

ಕರ್ಕ್‌ವಾಲ್ ನಿಲ್ದಾಣದಲ್ಲಿ ಕ್ಯಾಪ್ಟನ್ ಫ್ರೆಸನ್ ಅವರ ನೆನಪಿಗೆ ಒಂದು ಸ್ಮಾರಕ ಇದೆ. ಅದರ ಮುಂದೆ ಒಂದು ನಿಮಿಷ ನಿಲ್ಲಬೇಕು. ಈ ಕಥೆಯೆಲ್ಲಾ ಶುರುವಾಗೋದು ಅವರಿಂದ. 1933ರಲ್ಲಿ ಫ್ರೆಸನ್ ತಮ್ಮ ಹೈಲ್ಯಾಂಡ್ ಏರ್‌ವೇಸ್‌ನಿಂದ ಇನ್ವರ್ನೆಸ್ ಮತ್ತು ಕರ್ಕ್‌ವಾಲ್ ನಡುವೆ ವಿಮಾನ ಶುರು ಮಾಡಿದರು. ಮರುವರ್ಷ, 1934ರ ಮೇ ತಿಂಗಳಲ್ಲಿ, ಅದೇ ದಾರಿಯಲ್ಲಿ ಬ್ರಿಟನ್ನಿನ ಮೊದಲ ನಿಯಮಿತ ದೇಶೀಯ ಏರ್‌ಮೇಲ್ ಹಾರಿತು, ಮಾಮೂಲಿ ಅಂಚೆ ದರದಲ್ಲೇ. ಆಮೇಲೆ ಹೊರಗಿನ ಚಿಕ್ಕ ದ್ವೀಪಗಳಲ್ಲೂ ರೈತರ ಹೊಲ ನೋಡಿ, ಕಲ್ಲು ಆರಿಸಿ, ಅಲ್ಲೇ ವಿಮಾನ ಇಳಿಸಿದರು. ಈಗಿನ ದ್ವೀಪಗಳ ನಡುವಿನ ಸೇವೆಯನ್ನು ಲೋಗನ್‌ಏರ್ 1967ರಲ್ಲಿ ಶುರು ಮಾಡಿದ್ದು. ಅವತ್ತಿನಿಂದ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಈ ಎರಡು ನಿಮಿಷ ನಡೆದುಕೊಂಡು ಬಂದಿದೆ.

ಸಂಜೆ ಊರೊಳಗೆ ನಡೆದೆವು. ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್ ನೋಡಲೇಬೇಕು. 1137ರಲ್ಲಿ ಕಟ್ಟೋಕೆ ಶುರು ಮಾಡಿದ್ದು, ಕೆಂಪು ಮತ್ತು ಹಳದಿ ಮರಳುಗಲ್ಲಿನದು. ಆಗ ನಮ್ಮ ಕಡೆ ಹೊಯ್ಸಳ ವಿಷ್ಣುವರ್ಧನನ ಕಾಲ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಏಳುತ್ತಿದ್ದ ಹೊತ್ತಿಗೇ ಇಲ್ಲೂ ಕಲ್ಲುಕುಟಿಗರು ಕೂತಿದ್ದರು ಅಂತ ಅಪ್ಪನಿಗೆ ಹೇಳಿದೆ. ಅವರು ಕಂಬಗಳನ್ನ ಮುಟ್ಟಿ ಮುಟ್ಟಿ ನೋಡಿದರು. ಮಳೆ ಗಾಳಿಗೆ ಹೊರಗಿನ ಬಾಗಿಲ ಕೆತ್ತನೆ ಸವೆದುಹೋಗಿದೆ, ಒಳಗೆ ಮಾತ್ರ ಗಟ್ಟಿಯಾಗಿ ನಿಂತಿದೆ.

ಇಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತೂವರೆ ಹತ್ತಿರ. ಅಪ್ಪ ಪರದೆ ಎಳೆದು ಮಲಗಿದರು.

ಎರಡನೇ ದಿನ: ಮಂಜು, ಆಮೇಲೆ ವೆಸ್ಟ್ರೇ

ಬೆಳಗ್ಗೆ ಎದ್ದು ನೋಡಿದರೆ ಎದುರುಮನೆ ಕಾಣ್ತಿಲ್ಲ. ಸಮುದ್ರದ ಕಡೆಯಿಂದ ಮಂಜು ಬಂದು ಕೂತಿತ್ತು. ಇಲ್ಲಿ ಬೇಸಿಗೆಯಲ್ಲಿ ಇದು ಮಾಮೂಲಿ, ಬೆಚ್ಚಗಿನ ಗಾಳಿ ತಣ್ಣಗಿನ ಸಮುದ್ರದ ಮೇಲೆ ಹಾದಾಗ ಹೀಗೆ ಆಗುತ್ತದೆ. ದ್ವೀಪಗಳ ಚಿಕ್ಕ ಏರ್‌ಸ್ಟ್ರಿಪ್‌ಗಳಲ್ಲಿ ದೊಡ್ಡ ನಿಲ್ದಾಣಗಳ ಹಾಗೆ ಉಪಕರಣ ನೋಡಿಕೊಂಡು ಇಳಿಸೋ ವ್ಯವಸ್ಥೆ ಇಲ್ಲ. ಪೈಲಟ್ ಕಣ್ಣಿಗೆ ನೆಲ ಕಾಣಬೇಕು. ಬೆಳಗಿನ ವಿಮಾನ ಹೋಗಲ್ಲ, ಮಧ್ಯಾಹ್ನ ನೋಡೋಣ ಅಂದರು.

ನಿಲ್ದಾಣದಲ್ಲಿ ನಮ್ಮ ಜೊತೆ ಕಾಯುತ್ತಿದ್ದವರನ್ನ ನೋಡಿದಾಗಲೇ ನನಗೆ ವಿಷಯ ಸ್ವಲ್ಪ ಸ್ವಲ್ಪ ಅರ್ಥವಾಗತೊಡಗಿತು. ಒಬ್ಬ ಅಜ್ಜಿ, ಕಣ್ಣಿನ ಡಾಕ್ಟರ ಹತ್ತಿರ ಬಂದು ಹಿಂದಿನ ದಿನವೇ ಮನೆಗೆ ಹೋಗಬೇಕಿತ್ತಂತೆ. ಒಬ್ಬರು ಬಾಯ್ಲರ್ ರಿಪೇರಿಯವರು, ಕಾಲ ಹತ್ತಿರ ಟೂಲ್ ಬಾಕ್ಸು. ಹಾಸ್ಟೆಲಿನಿಂದ ಮನೆಗೆ ಹೊರಟ ಇಬ್ಬರು ಹೈಸ್ಕೂಲ್ ಹುಡುಗಿಯರು. ಚಿಕ್ಕ ದ್ವೀಪಗಳ ಮಕ್ಕಳು ದೊಡ್ಡ ತರಗತಿಗೆ ಬಂದಾಗ ಕರ್ಕ್‌ವಾಲ್‌ನಲ್ಲೇ ಉಳಿದು ಓದಬೇಕು. ಪ್ರವಾಸಿಗಳು ಅಂದರೆ ನಾವಿಬ್ಬರೇ. ಯಾರೂ ಸಿಡುಕಲಿಲ್ಲ. ಅಜ್ಜಿ ಹೆಣಿಗೆ ತೆಗೆದರು. ಅಪ್ಪ ನನ್ನ ಕಡೆ ಬಾಗಿ, "ಇದು ವಿಮಾನ ನಿಲ್ದಾಣ ಅಲ್ಲ ಕಣಪ್ಪ, ಬಸ್ ಸ್ಟ್ಯಾಂಡು" ಅಂದರು. ಮೆಚ್ಚಿಕೊಂಡೇ ಹೇಳಿದ್ದು ಅದು. ಸಂತೆ ದಿನ ಹಳ್ಳಿಗೆ ವಾಪಸ್ ಹೋಗೋ ಬಸ್ಸಿಗೆ ಕಾಯೋ ಜನರನ್ನ ಅವರು ಎಷ್ಟು ವರ್ಷ ನೋಡಿಲ್ಲ!

ಮಧ್ಯಾಹ್ನ ಗಾಳಿ ತಿರುಗಿ ಮಂಜು ಎದ್ದಿತು. ಹತ್ತೇ ನಿಮಿಷದಲ್ಲಿ ಎಲ್ಲರನ್ನೂ ಕರೆದರು.

ವಿಮಾನದ ಹೆಸರು ಬ್ರಿಟನ್-ನಾರ್ಮನ್ ಐಲ್ಯಾಂಡರ್. ಇಂಗ್ಲೆಂಡಿನ ಐಲ್ ಆಫ್ ವೈಟ್‌ನಲ್ಲಿ ತಯಾರಾದ ಮಾಡೆಲ್, ಮೊದಲು ಹಾರಿದ್ದು 1965ರಲ್ಲಿ. ರೆಕ್ಕೆ ಮೇಲ್ಗಡೆ, ಅದರ ಕೆಳಗೆ ಎರಡು ಪ್ರೊಪೆಲ್ಲರ್ ಎಂಜಿನ್, ಚಕ್ರ ಒಳಗೆ ಮಡಚಿಕೊಳ್ಳಲ್ಲ, ಹೊರಗೇ ಗಟ್ಟಿಯಾಗಿ ನಿಂತಿರುತ್ತವೆ. ಒಳಗೆ ನಡೆಯೋಕೆ ಹಾದಿನೇ ಇಲ್ಲ. ಕಾರಿಗೆ ಹತ್ತಿದ ಹಾಗೆ ಪಕ್ಕದ ಬಾಗಿಲಿನಿಂದ ಹತ್ತಿ ಕೂರಬೇಕು. ಎಂಟು ಜನ ಪ್ರಯಾಣಿಕರು, ಒಬ್ಬರೇ ಪೈಲಟ್. ಪೈಲಟ್ ಪಕ್ಕದ ಸೀಟಿನಲ್ಲೂ ಪ್ರಯಾಣಿಕರೇ. ಯಾರು ಎಲ್ಲಿ ಕೂರಬೇಕು ಅನ್ನೋದು ತೂಕ ನೋಡಿ ಅವರೇ ಹೇಳುತ್ತಾರೆ, ಚಿಕ್ಕ ವಿಮಾನ ಅಲ್ವಾ, ಮುಂದೆ ಹಿಂದೆ ಭಾರ ಸರಿ ಬರಬೇಕು. ಆ ಲೆಕ್ಕದಲ್ಲಿ ಮುಂದಿನ ಸೀಟು ಅಪ್ಪನಿಗೆ ಬಂತು. ಮೂವತ್ತು ವರ್ಷಕ್ಕೂ ಮೇಲೆ ಸ್ಟೇರಿಂಗ್ ಹಿಡಿದ ಮನುಷ್ಯ, ಪೈಲಟ್ ಮುಂದೆ ಇರೋ ಗಡಿಯಾರಗಳನ್ನೆಲ್ಲಾ ಕೈ ಕಟ್ಟಿಕೊಂಡು ನೋಡುತ್ತಾ ಕೂತಿದ್ದನ್ನ ಹಿಂದಿನಿಂದ ನೋಡಿದೆ. ಅಷ್ಟಕ್ಕೇ ನನಗೆ ಪ್ರವಾಸ ಸಾರ್ಥಕವಾಗಿತ್ತು.

ಕರ್ಕ್‌ವಾಲ್‌ನಿಂದ ವೆಸ್ಟ್ರೇ ಸುಮಾರು 44 ಕಿ.ಮೀ., ಹೆಚ್ಚುಕಮ್ಮಿ ನೇರ ಉತ್ತರಕ್ಕೆ, ಹದಿನೈದು ನಿಮಿಷದ ಹಾರಾಟ. ಎತ್ತರ ಹೋಗೋದೇ ಇಲ್ಲ. ಕೆಳಗೆ ಹೊಲದಲ್ಲಿ ಕುರಿ ಎಣಿಸಬಹುದು, ಅಂಗಳದಲ್ಲಿ ಒಣಗಿಹಾಕಿದ ಬಟ್ಟೆ ಯಾವ ಬಣ್ಣ ಅಂತ ಹೇಳಬಹುದು.

ವೆಸ್ಟ್ರೇ ಏರ್‌ಫೀಲ್ಡು ದ್ವೀಪದ ಉತ್ತರದ ತುದಿಯಲ್ಲಿದೆ. ಒಂದು ಚಿಕ್ಕ ಕಟ್ಟಡ, ಬೆಂಕಿ ಆರಿಸೋ ಗಾಡಿ, ಗಾಳಿಚೀಲ, ಅಷ್ಟೇ. ವಿಮಾನ ಬರೋ ಹೊತ್ತಿಗೆ ಊರಿನವರೇ ಸಮವಸ್ತ್ರ ಹಾಕಿಕೊಂಡು ಬಂದು ನಿಲ್ಲುತ್ತಾರೆ, ಚೀಲ ಇಳಿಸುತ್ತಾರೆ, ಅಂಚೆ ಮೂಟೆ ಇಳಿಸುತ್ತಾರೆ. ವಿಮಾನ ಹೋದ ಮೇಲೆ ಮತ್ತೆ ತಮ್ಮ ತಮ್ಮ ಕೆಲಸಕ್ಕೆ. ನಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದ್ದ ಮನೆಯವರು ಅಜ್ಜಿಯನ್ನೂ ಹತ್ತಿಸಿಕೊಂಡರು. ದಾರಿಯಲ್ಲಿ ಅವರ ಮನೆ ಬಾಗಿಲಿಗೇ ಬಿಟ್ಟೆವು.

ವೆಸ್ಟ್ರೇಯಲ್ಲಿ 600 ಜನರ ಆಸುಪಾಸು. ಪಿಯರೋವಾಲ್ ಅನ್ನೋದು ಊರು, ಬಿಲ್ಲಿನ ಹಾಗೆ ಬಾಗಿದ ಕೊಲ್ಲಿಯ ಸುತ್ತ ಮನೆಗಳು. ಅಲ್ಲಿನ ಹೆರಿಟೇಜ್ ಸೆಂಟರಿನಲ್ಲಿ ಒಂದು ಗಾಜಿನ ಪೆಟ್ಟಿಗೆಯೊಳಗೆ ನಾಲ್ಕು ಸೆಂಟಿಮೀಟರ್ ಎತ್ತರದ ಒಂದು ಪುಟ್ಟ ಕಲ್ಲಿನ ಬೊಂಬೆ ಇದೆ. ಚೌಕಾಕಾರದ ಮೈ, ಗುಂಡು ತಲೆ, ಕಣ್ಣಿಗೆ ಎರಡು ಚುಕ್ಕಿ, ಅದರ ಮೇಲೆ ಹುಬ್ಬಿನ ಗೆರೆ, ಎದೆ ಮೇಲೆ ಎರಡು ಸುತ್ತು. ಇಲ್ಲೇ ಹತ್ತಿರದ ಮರಳುದಿಬ್ಬದಲ್ಲಿ, ಲಿಂಕ್ಸ್ ಆಫ್ ನೊಲ್ಟ್‌ಲ್ಯಾಂಡ್ ಅನ್ನೋ ಜಾಗದಲ್ಲಿ, 2009ರಲ್ಲಿ ಸಿಕ್ಕಿದ್ದು. ಸುಮಾರು 5,000 ವರ್ಷ ಹಳೆಯದು. ಸ್ಕಾಟ್ಲೆಂಡ್‌ನಲ್ಲಿ ಸಿಕ್ಕಿರುವ ಮನುಷ್ಯರೂಪದ ಕೆತ್ತನೆಗಳಲ್ಲಿ ಇದೇ ಅತಿ ಹಳೆಯದು. ಊರಿನವರು ಇದನ್ನ ವೆಸ್ಟ್ರೇ ವೈಫ್ ಅಂತ ಕರೆಯುತ್ತಾರೆ. ಇಂಥ ವಸ್ತುವನ್ನ ಎಡಿನ್‌ಬರೋದ ದೊಡ್ಡ ಮ್ಯೂಸಿಯಮ್ಮಿಗೆ ಒಯ್ಯದೆ ಸಿಕ್ಕ ಊರಲ್ಲೇ ಇಟ್ಟಿರೋದು ನನಗೆ ತುಂಬಾ ಸರಿ ಅನ್ನಿಸಿತು.

ನೊಲ್ಟ್‌ಲ್ಯಾಂಡ್ ಕೋಟೆ ಕೂಡ ಹತ್ತಿರದಲ್ಲೇ. 1560ರ ದಶಕದಲ್ಲಿ ಗಿಲ್ಬರ್ಟ್ ಬಾಲ್ಫೋರ್ ಕಟ್ಟಿಸಿದ್ದು. ಗೋಡೆ ತುಂಬಾ ಬಂದೂಕಿಗೆ ಬಿಟ್ಟ ಕಿಂಡಿಗಳು. ಅರ್ಧ ಗಂಟೆ ಸಾಕು.

ಮೂರನೇ ದಿನ: ಆ ಎರಡು ನಿಮಿಷ

ಬೆಳಗ್ಗೆ ನೂಪ್ ಹೆಡ್ ದೀಪಸ್ತಂಭದ ಕಡೆ ಹೋಗಿ ಬಂದೆವು. ಬಂಡೆಯ ಅಂಚಿಗೆ ಸಾವಿರಗಟ್ಟಲೆ ಕಡಲಹಕ್ಕಿಗಳು, ಗದ್ದಲ, ವಾಸನೆ. ಪಕ್ಷಿ ನೋಡೋ ಹುಚ್ಚು ಇದ್ದವರು ಇಲ್ಲೇ ಒಂದು ದಿನ ಇಡಬಹುದು. ನಮ್ಮ ಮನಸ್ಸು ವಿಮಾನದ ಮೇಲಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಈ ದೂರ ಮತ್ತು ಹೊತ್ತಿನ ವಿಷಯದಲ್ಲಿ ಜನ ಸುಮ್ನೆ ಎರಡು ನಿಮಿಷ ಅಂತ ಹೇಳಿ ಬಿಟ್ಟುಬಿಡುತ್ತಾರೆ. ಐಲ್ಯಾಂಡರ್ ಮೇಲೆ ಹೋದ ಮೇಲೆ ಗಂಟೆಗೆ 240 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೋಗಬಲ್ಲದು. ಆ ವೇಗದಲ್ಲಿ 2.7 ಕಿ.ಮೀ. ಅಂದರೆ ಬರೀ 40 ಸೆಕೆಂಡ್. ಆದರೆ ನಿಂತ ಜಾಗದಿಂದ ಎದ್ದು, ಮತ್ತೆ ನಿಲ್ಲೋಕೆ ಇಳಿಯಬೇಕಲ್ಲ, ಪೂರ್ತಿ ವೇಗ ಹಿಡಿಯೋಕೆ ಜಾಗವೇ ಇಲ್ಲ. ಎರಡು ನಿಮಿಷದ ಲೆಕ್ಕದಲ್ಲಿ ನೋಡಿದರೆ ಸರಾಸರಿ ಗಂಟೆಗೆ 81 ಕಿ.ಮೀ. ಅಪ್ಪ ಇದನ್ನ ಕೇಳಿ, "ಹೈವೇನಲ್ಲಿ ನಮ್ಮ ರಾಜಹಂಸನೂ ಅಷ್ಟೇ ಹೋಗ್ತಿತ್ತು" ಅಂದರು.

ಇನ್ನೊಂದು, ಗಾಳಿ. ಎರಡೂ ಏರ್‌ಫೀಲ್ಡುಗಳು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ಹಾಗಾಗಿ ದಾರಿ ಪಶ್ಚಿಮದಿಂದ ಪೂರ್ವಕ್ಕೆ ನೇರ. ವಿಮಾನ ಏರೋದು, ಇಳಿಯೋದು ಎರಡೂ ಗಾಳಿಗೆ ಎದುರಾಗಿ. ಪೂರ್ವದಿಂದ ಗಾಳಿ ಬೀಸ್ತಿದ್ದರೆ ಎದ್ದು ಮೂಗಿನ ನೇರ ಹೋಗಿ ಇಳಿಯಬಹುದು. ಪಶ್ಚಿಮದ ಗಾಳಿ ಜೋರಾಗಿದ್ದರೆ ಮೊದಲು ಪಶ್ಚಿಮಕ್ಕೆ ಎದ್ದು, ಸಮುದ್ರದ ಮೇಲೆ ತಿರುಗಿ, ಪಾಪಾ ವೆಸ್ಟ್ರೇ ದಾಟಿ ಹೋಗಿ, ಮತ್ತೆ ತಿರುಗಿ ಇಳಿಯಬೇಕು. ಆಗ ನಕ್ಷೆಯಲ್ಲಿ ದೂರ ಅದೇ ಇದ್ದರೂ ಹಾರಿದ ದೂರ ಜಾಸ್ತಿ, ಹೊತ್ತೂ ಜಾಸ್ತಿ. ಇದಕ್ಕೇ ಈ ದ್ವೀಪಗಳಲ್ಲಿ ಒಂದಕ್ಕಿಂತ ಹೆಚ್ಚು ದಿಕ್ಕಿಗೆ ಚಿಕ್ಕ ಚಿಕ್ಕ ರನ್‌ವೇ ಮಾಡಿದ್ದಾರೆ, ಅರ್ಧ ಕಿಲೋಮೀಟರ್ ಆಸುಪಾಸಿನವು. 53 ಸೆಕೆಂಡಿನ ದಾಖಲೆ ಮಾಡಿದ್ದು ಕ್ಯಾಪ್ಟನ್ ಸ್ಟುವರ್ಟ್ ಲಿಂಕ್ಲೇಟರ್. ಅವರು 2013ರಲ್ಲಿ ನಿವೃತ್ತರಾಗೋ ಹೊತ್ತಿಗೆ ಈ ದಾರಿಯಲ್ಲಿ 12,000ಕ್ಕೂ ಹೆಚ್ಚು ಸಲ ಹಾರಿದ್ದರು. ಒಂದೇ ರೂಟು, ಅಷ್ಟು ವರ್ಷ! ಅಪ್ಪನಿಗೆ 53 ಸೆಕೆಂಡಿಗಿಂತ ಈ 12,000 ದೊಡ್ಡದಾಗಿ ಕಂಡಿತು.

ವಿಮಾನ ಕರ್ಕ್‌ವಾಲ್‌ನಿಂದ ಬಂದು ಇಳಿಯಿತು. ನಾಲ್ಕು ಜನ ಇಳಿದರು. ಒಳಗೆ ಮೂರು ಜನ ಕೂತೇ ಇದ್ದರು, ಅವರು ಪಾಪಾ ವೆಸ್ಟ್ರೇಗೆ ಹೋಗೋರು. ಎಂಜಿನ್ ಸದ್ದು ನಿಂತು ಮತ್ತೆ ಶುರುವಾಗೋ ಅಷ್ಟರಲ್ಲಿ ನಾವಿಬ್ಬರು ಹತ್ತಿದ್ದೆವು. ಏರ್‌ಫೀಲ್ಡಿನಾಕೆ ಹೊರಗಿಂದ ಬಾಗಿಲು ಹಾಕಿ, ಹಿಡಿಯನ್ನ ಒಮ್ಮೆ ಎಳೆದು ನೋಡಿ, ಹಿಂದಕ್ಕೆ ಸರಿದು ಹೆಬ್ಬೆರಳು ಎತ್ತಿದರು. ಅಪ್ಪ ಮೆಲ್ಲಗೆ "ರೈಟ್" ಅಂದರು.

ಅಪ್ಪ ವಾಚು ನೋಡಿಕೊಂಡರು. ಜಲ್ಲಿ ಮೇಲೆ ಚಕ್ರ ಕರಕರ ಅಂತ ಓಡಿ, ಆ ಸದ್ದು ತಟ್ಟನೆ ನಿಂತಿತು, ಅಂದರೆ ನೆಲ ಬಿಟ್ಟೆವು. ಬೇಲಿ ಹೋಯಿತು, ಬೆಣಚು ದಂಡೆ ಹೋಯಿತು. ಕೆಳಗೆ ನೀರು, ದಡದ ಹತ್ತಿರ ತಿಳಿ ಹಸಿರು, ಮಧ್ಯದಲ್ಲಿ ಕಡುನೀಲಿ, ಪ್ರವಾಹದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಪೈಲಟ್ ಏರೋಕೆ ಒತ್ತಿದ್ದ ಲಿವರ್‌ಗಳನ್ನ ಆಗಲೇ ಹಿಂದಕ್ಕೆ ಎಳೆಯುತ್ತಿದ್ದರು. ಎಂಜಿನ್ ದನಿ ಇಳಿಯಿತು. ಮತ್ತೆ ತಿಳಿ ಹಸಿರು, ಮತ್ತೆ ಬೇಲಿ, ತಲೆ ಎತ್ತಿ ನೋಡುವ ದನಗಳು. ಚಕ್ರ ನೆಲ ಮುಟ್ಟಿತು. ಅವತ್ತು ಗಾಳಿ ಆಗ್ನೇಯದಿಂದ ಮೆಲ್ಲಗೆ ಬೀಸುತ್ತಿತ್ತು, ನೇರವಾಗಿಯೇ ಹೋದೆವು. ಅಪ್ಪನ ವಾಚಿನಲ್ಲಿ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ.

ಇಳಿದ ಮೇಲೆ ಅಪ್ಪ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ಹೇಳಿದರು, "ಇದು ಅಲ್ಲಿಂದ ಇಲ್ಲಿಗೆ ಅಂತ ಬಿಟ್ಟ ಗಾಡಿ ಅಲ್ಲವೇ ಅಲ್ಲ. ಟೌನಿಂದ ಹೊರಟು ಎರಡು ಊರು ಮುಟ್ಟಿಸಿ ವಾಪಸ್ ಟೌನಿಗೆ ಹೋಗುತ್ತೆ. ನಾವು ಒಂದು ಸ್ಟೇಜ್ ಟಿಕೆಟ್ ತಗೊಂಡ್ವಿ ಅಷ್ಟೆ."

ಪೂರ್ತಿ ನಿಜ. ಕರ್ಕ್‌ವಾಲ್, ವೆಸ್ಟ್ರೇ, ಪಾಪಾ ವೆಸ್ಟ್ರೇ, ಮತ್ತೆ ಕರ್ಕ್‌ವಾಲ್. ಈ ಎರಡು ನಿಮಿಷ ಆ ಸುತ್ತಿನ ಒಂದು ತುಂಡು. ಇಲ್ಲಿಯವರಿಗೆ ಬೇಕಿರೋದು ಕರ್ಕ್‌ವಾಲ್‌ನ ಆಸ್ಪತ್ರೆ, ಬ್ಯಾಂಕು, ಶಾಲೆ, ಅಂಗಡಿ. ಪಾಪಾ ವೆಸ್ಟ್ರೇಯಲ್ಲಿ ಇರೋದು ಸುಮಾರು 90 ಜನ. ಅಷ್ಟು ಜನಕ್ಕೆ ಬೇರೆಯೇ ಒಂದು ವಿಮಾನ ಬಿಡೋಕೆ ಆಗಲ್ಲ, ಬಿಡದೇ ಇರೋಕೂ ಆಗಲ್ಲ. ವೆಸ್ಟ್ರೇ ವಿಮಾನವೇ ಒಂದು ಹೆಜ್ಜೆ ಮುಂದೆ ಹೋಗಿ ಬರುತ್ತದೆ. ಟಿಕೆಟ್ ದುಡ್ಡಿನಲ್ಲಿ ಇದು ನಡೆಯಲ್ಲ, ಸಾರ್ವಜನಿಕ ಸೇವೆ ಅಂತ ಆರ್ಕ್ನಿ ಐಲ್ಯಾಂಡ್ಸ್ ಕೌನ್ಸಿಲ್ ಹಣ ಹಾಕುತ್ತದೆ. ದ್ವೀಪದಿಂದ ದ್ವೀಪಕ್ಕೆ ಬ್ಯಾಂಕ್ ಕೆಲಸಕ್ಕೆ ಓಡಾಡುತ್ತಿದ್ದ ಒಬ್ಬ ಮಹಿಳೆ 10,000ಕ್ಕೂ ಹೆಚ್ಚು ಸಲ ಇಲ್ಲಿ ಹಾರಿದ್ದಾರೆ. ನಷ್ಟದ ರೂಟು ಅಂತ ಹಳ್ಳಿ ಬಸ್ ನಿಲ್ಲಿಸಿದಾಗ ಆ ಊರಿಗೆ ಏನಾಗುತ್ತೆ ಅಂತ ಅಪ್ಪನಿಗೆ ಚೆನ್ನಾಗಿ ಗೊತ್ತು. ಆ ಕೌನ್ಸಿಲ್ ಬಗ್ಗೆ ಅವರಿಗೆ ದೊಡ್ಡ ಗೌರವ ಬಂತು.

ಪಾಪಾ ವೆಸ್ಟ್ರೇಯನ್ನ ಅಲ್ಲಿಯವರು ಪಾಪೇ ಅಂತಾರೆ. ಉದ್ದ ಆರೇಳು ಕಿಲೋಮೀಟರ್, ಅಗಲ ಎರಡೂ ಇಲ್ಲ. ನಡೆದೇ ಎಲ್ಲಾ ನೋಡಬಹುದು. ನಾವು ಮೊದಲು ಹೋಗಿದ್ದು ಪಶ್ಚಿಮ ದಂಡೆಯ ನಾಪ್ ಆಫ್ ಹೌವರ್‌ಗೆ. ಒಂದು ಹಳೆಯ ತೋಟದಮನೆ ಹಾದು, ಹುಲ್ಲುಗಾವಲು ಇಳಿದರೆ, ಸಮುದ್ರಕ್ಕೆ ಮುಖ ಮಾಡಿ ಎರಡು ಕಲ್ಲಿನ ಮನೆ ಅಕ್ಕಪಕ್ಕ ಕೂತಿವೆ. ಟಿಕೆಟ್ ಇಲ್ಲ, ಕಾವಲಿಲ್ಲ. ಕ್ರಿಸ್ತಪೂರ್ವ 3700ರ ಸುಮಾರಿಗೆ ಇಲ್ಲಿ ಜನ ವಾಸ ಶುರು ಮಾಡಿದ್ದು, ಉತ್ತರ ಯುರೋಪಿನಲ್ಲಿ ಇನ್ನೂ ನಿಂತಿರುವ ಮನೆಗಳಲ್ಲಿ ಇವೇ ಅತಿ ಹಳೆಯವು ಅಂತ ಲೆಕ್ಕ. ಈಜಿಪ್ಟಿನ ದೊಡ್ಡ ಪಿರಮಿಡ್ಡಿಗಿಂತ ಸಾವಿರ ವರ್ಷ ಮುಂಚೆ. ಮರಳಿನಡಿ ಹೂತಿದ್ದದ್ದು ದಂಡೆ ಕೊರೆದು ಹೊರಗೆ ಬಂತು, 1930ರ ದಶಕದಲ್ಲಿ ಅಗೆದು ತೆಗೆದರು.

ಬಾಗಿಲು ಸೊಂಟದೆತ್ತರ ಅಷ್ಟೇ, ಬಗ್ಗಿ ನುಗ್ಗಬೇಕು. ಗಾರೆ ಇಲ್ಲದೆ ಚಪ್ಪಟೆ ಕಲ್ಲು ಪೇರಿಸಿದ ಗೋಡೆ. ಒಳಗೆ ನಿಂತ ಕೂಡಲೇ ಗಾಳಿ ಸದ್ದು ಇಲ್ಲ. ಎತ್ತರದ ಕಲ್ಲಿನ ಹಲಗೆ ನಿಲ್ಲಿಸಿ ಮನೆಯನ್ನ ಎರಡು ಪಾಲು ಮಾಡಿದ್ದಾರೆ. ಪಕ್ಕದ ಮನೆಗೆ ಹೋಗೋಕೆ ಗೋಡೆಯಲ್ಲೇ ಕಿರಿದಾದ ದಾರಿ, ಆ ಮನೆಯಲ್ಲಿ ಗೋಡೆಗೆ ಗೂಡುಗಳು. ನೆಲದ ಮೇಲೆ ಧಾನ್ಯ ಅರೆಯುತ್ತಿದ್ದ ಕಲ್ಲು ಇದ್ದ ಜಾಗದಲ್ಲೇ ಇದೆ, ಮಧ್ಯೆ ಸವೆದು ತಗ್ಗಾಗಿದೆ. ಅಪ್ಪ ಆ ತಗ್ಗಿನೊಳಗೆ ಅಂಗೈ ಇಟ್ಟು ಹಿಂದಕ್ಕೂ ಮುಂದಕ್ಕೂ ಒಮ್ಮೆ ಆಡಿಸಿದರು. "ಬಾರ್ಲಿ ಇರಬೇಕು" ಅಂದರು. ಹೌದು, ಇಲ್ಲಿ ಬಾರ್ಲಿ ಬೆಳೀತಿದ್ದರು.

ಆ ಮನೆಯಲ್ಲಿ ಜನ ಇದ್ದ ಕಾಲಕ್ಕೆ ಸಮುದ್ರ ಇಷ್ಟು ಹತ್ತಿರ ಇರಲಿಲ್ಲ. ಪಾಪೇ ಮತ್ತು ವೆಸ್ಟ್ರೇ ಆಗ ಒಂದೇ ನೆಲವಾಗಿದ್ದಿರಬಹುದು ಅಂತ ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ನಾವು ಮಧ್ಯಾಹ್ನ ಹಾರಿ ಬಂದ ದಾರಿಯಲ್ಲಿ ಅವರು ದನ ಹೊಡ್ಕೊಂಡು ನಡೆದೇ ಹೋಗಿಬರುತ್ತಿದ್ದರು!

ಸಂಜೆ ಉತ್ತರದ ಗುಡ್ಡದ ಕಡೆ ಹೋದೆವು, ನಾರ್ತ್ ಹಿಲ್ ಪಕ್ಷಿಧಾಮ. ಆರ್ಕ್ಟಿಕ್ ಟರ್ನ್‌ಗಳು ಮೊಟ್ಟೆ ಇಡೋ ಜಾಗ. ಹಿಂದೆ ಬ್ರಿಟನ್ನಿನಲ್ಲೇ ಅತಿ ದೊಡ್ಡ ಹಿಂಡು ಇಲ್ಲಿತ್ತು, ಈಗ ಬಹಳ ಕಡಿಮೆಯಾಗಿವೆ. ನೂರು ಗ್ರಾಂ ಆಸುಪಾಸಿನ ಹಕ್ಕಿ, ಕೆಂಪು ಕೊಕ್ಕು, ಕರಿ ನೆತ್ತಿ. ಗೂಡಿನ ಹತ್ತಿರ ಹೋದರೆ ತಲೆಗೇ ಎರಗುತ್ತೆ, ಅದಕ್ಕೆ ದೂರದ ಹಾದಿಯಲ್ಲೇ ನಡೆಯಬೇಕು. ಇವು ಇಲ್ಲಿ ಮರಿ ಮಾಡಿ, ಆಮೇಲೆ ಅಂಟಾರ್ಕ್ಟಿಕದವರೆಗೆ ಹೋಗಿ, ಮುಂದಿನ ಬೇಸಿಗೆಗೆ ಮತ್ತೆ ಬರುತ್ತವೆ. ಗ್ರೀನ್‌ಲ್ಯಾಂಡ್‌ನ ಟರ್ನ್‌ಗಳಿಗೆ ಪುಟ್ಟ ಯಂತ್ರ ಕಟ್ಟಿ ನೋಡಿದಾಗ ವರ್ಷಕ್ಕೆ ಸರಾಸರಿ 70,000 ಕಿ.ಮೀ. ಹಾರೋದು ಗೊತ್ತಾಯಿತು. ಜಗತ್ತಿನ ಅತಿ ಚಿಕ್ಕ ವಿಮಾನಯಾನ ಮುಗಿಯೋ ದ್ವೀಪದಲ್ಲೇ ಜಗತ್ತಿನ ಅತಿ ಉದ್ದದ ವಲಸೆಯ ಹಕ್ಕಿ ಮರಿ ಮಾಡುತ್ತದೆ. ನಾನು ಅಲ್ಲಿ ನಿಂತು ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

ಪೂರ್ವದ ಬಂಡೆ ಅಂಚಿನಲ್ಲಿ ಗ್ರೇಟ್ ಆಕ್ ಅನ್ನೋ ಹಕ್ಕಿಯ ಸ್ಮಾರಕ ಇದೆ. ಹಾರಲಾರದ ದೊಡ್ಡ ಕಡಲಹಕ್ಕಿ. ಇಲ್ಲಿ ಉಳಿದಿದ್ದ ಕೊನೆಯದನ್ನ 1813ರಲ್ಲಿ ಲಂಡನ್ನಿನ ಒಬ್ಬ ಸಂಗ್ರಹಕಾರನಿಗಾಗಿ ಕೊಂದರು. 1844ರ ಹೊತ್ತಿಗೆ ಜಗತ್ತಿನಲ್ಲೇ ಇಲ್ಲವಾಯಿತು. ಓದಿ ಸಂಕಟವಾಯಿತು.

ರಾತ್ರಿ ಊರಿನವರೇ ಸೇರಿ ನಡೆಸೋ ಸಹಕಾರಿ ಸಂಘದ ಹಾಸ್ಟೆಲಿನಲ್ಲಿ ಉಳಿದೆವು. ಅಂಗಡಿಯೂ ಸಂಘದ್ದೇ, ಇಡೀ ದಿನ ತೆರೆದಿರಲ್ಲ. ಅವಲಕ್ಕಿ, ಚಟ್ನಿಪುಡಿ ತಗೊಂಡು ಹೋಗಿದ್ದು ಒಳ್ಳೇದಾಯಿತು.

ನಾಲ್ಕನೇ ದಿನ: ದೋಣಿಯಲ್ಲಿ ವಾಪಸ್

ಬರುವಾಗ ಬೇಕಂತಲೇ ನೀರಿನ ದಾರಿ ಹಿಡಿದೆವು. ದೂರ ಒಂದೇ ಆದರೂ ಹೊತ್ತು ಹೇಗೆ ಬದಲಾಗುತ್ತೆ ಅಂತ ನೋಡಬೇಕಿತ್ತು. ಪಾಪೇಯ ದಕ್ಷಿಣ ತುದಿಯ ಕಟ್ಟೆಯಿಂದ ಪಿಯರೋವಾಲ್‌ಗೆ ಚಿಕ್ಕ ದೋಣಿ, 25 ನಿಮಿಷ. ವಿಮಾನದಿಂದ ಸುಂದರವಾಗಿ ಕಂಡಿದ್ದ ಪ್ರವಾಹದ ಗೆರೆಗಳ ಮೇಲೆ ದೋಣಿ ಚೆನ್ನಾಗಿ ಕುಣಿಯಿತು. ನಮ್ಮ ಜೊತೆ ಒಬ್ಬ ಹೆಂಗಸು, ಮಡಿಲಲ್ಲಿ ಕೇಕಿನ ಡಬ್ಬಿ, ವೆಸ್ಟ್ರೇಯಲ್ಲಿ ಅಕ್ಕನ ಮೊಮ್ಮಗನ ಹುಟ್ಟುಹಬ್ಬವಂತೆ. ಚಳಿಗಾಲದಲ್ಲಿ ಹೇಗಮ್ಮಾ ಅಂತ ಅಪ್ಪ ಕೇಳಿಸಿದರು, ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಗಾಳಿ ಎದ್ದರೆ ದೋಣಿ ನಿಲ್ಲುತ್ತೆ, ಮಂಜು ಬಂದರೆ ವಿಮಾನ ನಿಲ್ಲುತ್ತೆ, ಎರಡೂ ಒಟ್ಟಿಗೆ ನಿಲ್ಲೋದು ಕಡಿಮೆ, ಅದಕ್ಕೇ ನಮಗೆ ಎರಡೂ ಬೇಕು ಅಂದರು ಆಕೆ.

ಅಪ್ಪ ಮನೆಯಲ್ಲಿ ಕೇಳಿದ್ದ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರ ಇಲ್ಲ.

ಪಿಯರೋವಾಲ್‌ನಿಂದ ಬಸ್ಸಿನಲ್ಲಿ ದ್ವೀಪದ ದಕ್ಷಿಣ ತುದಿ ರ‍್ಯಾಪ್ನೆಸ್‌ಗೆ, ಅಲ್ಲಿಂದ ಕಾರು ಲಾರಿ ಎಲ್ಲಾ ಹತ್ತೋ ದೊಡ್ಡ ಫೆರಿಯಲ್ಲಿ ಕರ್ಕ್‌ವಾಲ್‌ಗೆ ಒಂದು ಗಂಟೆ 25 ನಿಮಿಷ. ದೋಣಿ, ಕಾಯೋದು, ಬಸ್ಸು, ಮತ್ತೆ ಕಾಯೋದು, ಫೆರಿ, ಎಲ್ಲಾ ಸೇರಿ ಅರ್ಧ ದಿನ ಹೋಯಿತು. ಅದೇ ಪಾಪೇಯಿಂದ ವಿಮಾನ ಹತ್ತಿದ್ದರೆ ಸುಮಾರು ಕಾಲು ಗಂಟೆ. ಫೆರಿಯಲ್ಲಿ ಕುರಿ ತುಂಬಿದ ಲಾರಿ ಇತ್ತು, ಅದಕ್ಕೆ ವಿಮಾನ ಆಗಲ್ಲ. ಹೊಟ್ಟೆನೋವು ಬಂದ ಮಗುವಿಗೆ ಅರ್ಧ ದಿನದ ದಾರಿ ಆಗಲ್ಲ.

ಹೋಗೋರಿಗೆ ಒಂದೆರಡು ಮಾತು. ಸೀಟು ಎಂಟೇ ಇರೋದು, ಮುಂಚೆಯೇ ಬುಕ್ ಮಾಡಿ. ಮಂಜಿಗೆ ಅಂತ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ, ಅದರ ಮರುದಿನಕ್ಕೇ ಊರಿನ ವಿಮಾನ ಹಾಕಿಕೊಳ್ಳಬೇಡಿ. ಚೀಲ ಹಗುರ ಇರಲಿ. ಈ ಅತಿ ಚಿಕ್ಕ ವಿಮಾನದಲ್ಲಿ ಹಾರಿದ್ದಕ್ಕೆ ಕೊಡೋ ಪ್ರಮಾಣಪತ್ರ ತಗೊಂಡು ಅದೇ ವಿಮಾನದಲ್ಲಿ ವಾಪಸ್ ಹೋಗೋರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಪಾಪೇಯಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ, ಆ ಸಹಕಾರಿ ಅಂಗಡಿಯಲ್ಲಿ ಏನಾದರೂ ಕೊಂಡುಕೊಳ್ಳಿ. ವಿಮಾನ ತುಂಬಿದ್ದು, ಆಸ್ಪತ್ರೆಗೆ ಹೊರಟ ಊರಿನವರು ಯಾರಾದರೂ ಸೀಟಿಲ್ಲದೆ ನಿಂತಿದ್ದು ಗೊತ್ತಾದರೆ ನಿಮ್ಮ ಸೀಟು ಬಿಟ್ಟುಕೊಡಿ. ದೋಣಿ ಇದೆ, 25 ನಿಮಿಷ.